ಹದಿನಾಲ್ಕನೆಯ ಹೆಸರು

ಸಿಂಧನೂರು
೧೧ ಜೂನ್ ೧೯೯೭

ಲಿಂಗಸುಗೂರಿನ ವೆಂಕೋಬನಿಗೆ ಸಿಂಧನೂರಿನ ಆದಪ್ಪ ಬರೆಯುವುದು.

ನಾನು ಕ್ಷೇಮ. ನೀನೂ ಕ್ಷೇಮವಾಗಿರಬೇಕು ಎಂದು ಬರೆಯುವುದು ರೂಢಿ, ಅದಕ್ಕೇ ಬರೆದಿದ್ದೇನೆ. ಅದರಾಚೆ ಏನೂ ಅರ್ಥ ಹುಡುಕಬೇಡ. ಪತ್ರ ತಡವಾಯಿತು. ನಿನ್ನ ಅಂಗಡಿಯಲ್ಲಿ ಹತ್ತು ಜನರ ಮುಂದೆ ನೀನು ನನ್ನ ಮರ್ಯಾದೆ ತೆಗೆದು ಇವತ್ತಿಗೆ ಹದಿನೆಂಟು ದಿನ. ಈ ನಡುವೆ ನಾಲ್ಕು ಪತ್ರ ಬರೆದು ಕೆಡಿಸಿದ್ದೇನೆ. ಮೊದಲನೆಯದರಲ್ಲಿ ಬರೀ ಬೈಗುಳ ಇದ್ದವು. ಎರಡನೆಯದರಲ್ಲಿ ಬೈಗುಳದ ನಡುವೆ ನಿಮ್ಮ ಅಪ್ಪನ ಹೆಸರೂ ಬಂತು. ಜವಳಗೇರಾದ ಕಾಲುವೆಯಲ್ಲಿ ನಮ್ಮಿಬ್ಬರಿಗೂ ಈಜು ಕಲಿಸಿದವರು ಅವರು, ಆದ್ದರಿಂದ ಹರಿದೆ. ಮೂರನೆಯದನ್ನು ನನ್ನ ಹೆಂಡತಿ ಯಮನೂರಮ್ಮ ಓದಿ, "ಇದನ್ನ ಕಳಿಸಿದ್ರ ನಾಳೆಯಿಂದ ಪೋಸ್ಟ್‌ಮನ್ನೂ ನಮ್ಮ ಮನಿಗೆ ಬರಂಗಿಲ್ಲ" ಎಂದು ಒಲೆಗೆ ಹಾಕಿದಳು. ನಾಲ್ಕನೆಯದನ್ನು ಪೂರ್ತಿ ಮಾಡುವ ಧೈರ್ಯ ನನಗೇ ಇರಲಿಲ್ಲ. ಇದು ಐದನೆಯದು. ಇದನ್ನು ಅವಳಿಗೆ ತೋರಿಸುವುದಿಲ್ಲ.

ನೀನು ಊರ ತುಂಬ ಈ ಕಥೆಯನ್ನು ನಡುವಿನಿಂದ ಹೇಳಿಕೊಂಡು ತಿರುಗುತ್ತಿದ್ದೀಯಂತೆ. "ಆದಪ್ಪನ ಫ್ಲಾಪಿ ಹೆಸರು ತಿಂತದ" ಎನ್ನುವಲ್ಲಿಂದ ನಿನ್ನ ಕಥೆ ಶುರುವಾಗಿ ಅಲ್ಲೇ ಮುಗಿಯುತ್ತದಂತೆ. ನಾನು ಬುಡದಿಂದ ಹೇಳುತ್ತೇನೆ. ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ, ಯಾಕೆಂದರೆ ಗೊತ್ತಿದ್ದೂ ಗೊತ್ತಿಲ್ಲದವನಂತೆ ನಡೆದುಕೊಂಡವನು ನೀನು.

ಲಗ್ನದ ಕಾರ್ಡಿಗೆಂದು ನಾನು ಮಾಡಿದ ಆ ಆ್ಯಡ್-ಇನ್ ಎಂಬ ಸಣ್ಣ ಪ್ರೋಗ್ರಾಮು ಸ್ವಂತ ಕಾಲ ಮೇಲೆ ನಿಲ್ಲುವಂಥದ್ದಲ್ಲ. ಪುಟ ಜೋಡಿಸುವ ದೊಡ್ಡ ಪ್ರೋಗ್ರಾಮಿನ ಒಳಗೆ ಕೂತು, ಅದರ ಕೈಯಿಂದಲೇ ಕೆಲಸ ಮಾಡಿಸುತ್ತದೆ. ವರ ಯಾರು, ವಧು ಯಾರು, ಮುಹೂರ್ತ ಎಷ್ಟಕ್ಕೆ, ಊಟ ಎಲ್ಲಿ ಎಂದು ಒಂದೊಂದಾಗಿ ಕೇಳುತ್ತದೆ. ಕೊನೆಗೆ 'ತಮ್ಮ ಆಗಮನ ಬಯಸುವವರು' ಯಾರ್ಯಾರು ಎಂದು ಹೆಸರಿನ ಪಟ್ಟಿ ಕೇಳಿ, ಕಾರ್ಡಿನ ಕೆಳಗಿನ ಚೌಕಟ್ಟಿನಲ್ಲಿ ಸಾಲಾಗಿ ಕೂಡಿಸುತ್ತದೆ. ಅರ್ಧ ದಿನದ ಕೆಲಸ ಅರ್ಧ ತಾಸಿಗೆ ಬಂತು. ಜನ ಅದನ್ನು ಲಗ್ನದ ಫ್ಲಾಪಿ ಎಂದು ಕರೆದರು. ಆ ಹೆಸರು ನಿನಗೂ ಹಿಡಿಸಿ, ನಿನ್ನ ಅಂಗಡಿಯ ಬೋರ್ಡಿನ ಮೇಲೆ ನನಗಿಂತ ಮೊದಲು ಬರೆಸಿದವನು ನೀನೇ.

ಈಗ ತೊಡಕು ಎಲ್ಲಿದೆ ಕೇಳು. ಚೌಕಟ್ಟು ಎಷ್ಟು ಎತ್ತರ, ಒಂದು ಸಾಲಿಗೆ ಎಷ್ಟು ಜಾಗ ಬೇಕು ಎಂಬುದನ್ನು ನನ್ನ ಆ್ಯಡ್-ಇನ್ ಆ ದೊಡ್ಡ ಪ್ರೋಗ್ರಾಮನ್ನೇ ಕೇಳಿ ತಿಳಿಯಬೇಕು. ಆ ದೊಡ್ಡದು ಪ್ರತಿ ಹೊಸ ಆವೃತ್ತಿಗೂ ತನ್ನ ಅಳತೆಯ ರೀತಿ ಬದಲಿಸುತ್ತದೆ. ಮಸ್ಕಿಯ ಛಾಪಖಾನೆಯ ಹಸನ್‌ಸಾಬ್ ಚಾಚಾನ ಹತ್ತಿರ ಇರುವುದು ಮೂರನೆಯ ಆವೃತ್ತಿ. ನಾವಿಬ್ಬರೂ ಈ ಕೆಲಸ ಕಲಿತದ್ದು ಅದರ ಮೇಲೆ. ನನ್ನದು ನಾಲ್ಕು. ಹೋದ ದೀಪಾವಳಿಗೆ ನೀನು ಹೈದರಾಬಾದಿನಿಂದ ಐದು ತಂದು ಆರತಿ ಮಾಡಿದೆ. ಊರು ಮೂರು, ಆವೃತ್ತಿ ಮೂರು, ಫ್ಲಾಪಿ ಒಂದೇ. ಮೂರೂ ಕಡೆ ಒಂದೇ ರೀತಿ ನಡೆಯುವಂತೆ ನೋಡಿಕೊಳ್ಳುವ ಕರ್ಮ ನನ್ನದು.

ಅದಕ್ಕೇ ಆ್ಯಡ್-ಇನ್ನಿನ ಬಾಗಿಲಲ್ಲಿ ಒಂದು ಪ್ರಶ್ನೆ ಇಟ್ಟಿದ್ದೆ. ಶುರುವಾದ ಕೂಡಲೇ ಅದು ದೊಡ್ಡ ಪ್ರೋಗ್ರಾಮಿಗೆ, ನೀನು ಎಷ್ಟನೆಯದು ಎಂದು ಕೇಳುತ್ತದೆ. ಮೂರೋ ನಾಲ್ಕೋ ಎಂದರೆ ಒಳಗೆ ಹೋಗುತ್ತದೆ. ಬೇರೆ ಏನಾದರೂ ಅಂದರೆ, 'ಈ ಆವೃತ್ತಿಯ ಪರೀಕ್ಷೆ ಆಗಿಲ್ಲ, ಸಿಂಧನೂರಿಗೆ ಫೋನ್ ಮಾಡಿರಿ' ಎಂದು ತೆರೆಯ ಮೇಲೆ ಬರೆದು ಅಲ್ಲೇ ನಿಂತುಬಿಡುತ್ತದೆ. ನೀನು ಫೋನ್ ಮಾಡಿದೆ, ಇಲ್ಲ ಎನ್ನುವುದಿಲ್ಲ. ಐದಕ್ಕೆ ಹೊಂದಿಸಿಕೊಡು ಎಂದೆ. ನನ್ನ ಹತ್ತಿರ ಐದು ಇಲ್ಲ, ನಿನ್ನ ಮಿಷಿನ್ನಿನ ಮೇಲೆ ಎರಡು ದಿನ ಕೂರಬೇಕು ಎಂದೆ ನಾನು. "ಲಗ್ನದ ಸೀಜನ್ನಿನ್ಯಾಗ ಎರಡು ದಿನ ಮಿಷಿನ್ ಬಿಟ್ಟುಕೊಟ್ಟು ನಾ ಏನ್ ಮಾಡ್ಲಿ, ಭಜನಿ ಮಾಡ್ಲೇನು?" ಎಂದು ನೀನು ಫೋನ್ ಇಟ್ಟೆ. ಅದಾದ ಮೇಲೆ ನೀನು ಮತ್ತೆ ಕೇಳಲಿಲ್ಲ. ಸುಮ್ಮನಾದನಲ್ಲ ಎಂದು ನಾನೂ ಸುಮ್ಮನಾದೆ. ನೀನು ಸುಮ್ಮನಿರುವ ಜಾತಿಯವನಲ್ಲ ಎಂಬುದನ್ನು ಮರೆತದ್ದು ನನ್ನ ತಪ್ಪು.

ಮೇ ಇಪ್ಪತ್ಮೂರನೆಯ ತಾರೀಖು, ಬಿಸಿಲು ಏರಿದ ಹೊತ್ತು. ಮುಕ್ಕುಂದದಿಂದ ಒಂದು ಟ್ರ್ಯಾಕ್ಟರ್ ಬಂದು ನನ್ನ ಅಂಗಡಿಯ ಮುಂದೆ ನಿಂತಿತು. ಓಡಿಸುತ್ತಿದ್ದವನು ಮುದುಕಪ್ಪ ಎಂಬ ಒಕ್ಕಲಿಗ. ಮಗನ ಲಗ್ನಕ್ಕೆ ನಿನ್ನಲ್ಲಿ ಕಾರ್ಡು ಮಾಡಿಸಿದವನು. ಹಿಂದಿನ ಟ್ರೇಲರಿನಲ್ಲಿ ಅವನ ಅಕ್ಕ ಕರೆಮ್ಮ ಒಬ್ಬಳೇ ಕೂತಿದ್ದಳು. ಅವನು ಇಳಿಸಲು ಕೈ ಚಾಚಿದರೆ ಕೈ ತಳ್ಳಿ, ತಾನೇ ಇಳಿದು ಬಂದು ನನ್ನ ಮೆಟ್ಟಿಲ ಮೇಲೆ ಕೂತಳು. ಸೆರಗಿನಿಂದ ಕಾರ್ಡು ತೆಗೆದು ನನ್ನ ಕಡೆಗೆ ಎಸೆದಳು.

"ಏನಪಾ, ಮಿಷಿನ್ನಿನಾವಾ, ನಿನ್ನ ಮಿಷಿನ್ನಿಗೆ ನಾ ಏನ್ ಕೇಡು ಮಾಡಿದ್ನೋ? ಇದರಾಗ ನನ್ನ ಹೆಸರು ಎಲ್ಲೈತಿ ತೋರ್ಸು."

ನಾನು ಓದಿದೆ. ಹದಿಮೂರು ಹೆಸರು. ಕರೆಮ್ಮ ಎಂಬುದು ಇರಲಿಲ್ಲ.

"ಯಕ್ಕಾ, ನಾ ಬರಸೀನಿ. ಎಲ್ಲಾರಿಗಿಂತ ಕಡೀಕ ನಿನ್ನ ಹೆಸರೇ ಬರಸೀನಿ," ಎಂದ ಮುದುಕಪ್ಪ. ಬೆವರಿನಲ್ಲಿ ತೊಯ್ದು ಹೋಗಿದ್ದ.

"ನೀ ಬರಸಿದ್ರ ಅದು ಎಲ್ಲಿಗ್ ಹೋತೋ? ಕಾಲು ಬಂದ್ವೇನು ಅದಕ್ಕ?" ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು. "ನಮ್ಮಪ್ಪ ಸತ್ತು ಇಪ್ಪತ್ತು ವರ್ಷ ಆತು. ಅವನ ಹೆಸರಿನ ಮುಂದ 'ದಿವಂಗತ' ಅಂತ ಹಾಕಿ ಛಾಪ್ಸೀರಿ. ನನಗ ಅಷ್ಟೂ ಇಲ್ಲಲ್ಲೋ! ಸತ್ತಿದ್ರರ ನನ್ನ ಹೆಸರು ಬರ್ತಿತ್ತೇನೋ."

ಅವಳಿಗೆ ಓದಲು ಬರುವುದಿಲ್ಲ, ವೆಂಕೋಬ. ಮೊಮ್ಮಗಳ ಕೈಯಲ್ಲಿ ಓದಿಸಿದ್ದಾಳೆ. ಆ ಹುಡುಗಿ ಹದಿಮೂರು ಹೆಸರು ಓದಿ ನಿಲ್ಲಿಸಿದಾಗ, "ಮುಂದ ಓದು" ಎಂದಿದ್ದಾಳೆ. "ಮುಗೀತಜ್ಜಿ" ಎಂದಿದೆ ಮಗು.

ನಮ್ಮ ಕಡೆಯ ರೀತಿ ನಿನಗೆ ಹೇಳಬೇಕೇ? ಕಾರ್ಡಿನಲ್ಲಿ ಮೊದಲು ಹಿರಿಯರು, ಆಮೇಲೆ ಬೀಗರು, ನೆಂಟರು. ಎಲ್ಲರಿಗಿಂತ ಕೊನೆಗೆ ಬರುವುದು ದೂರದವರ ಹೆಸರಲ್ಲ. ಲಗ್ನದ ಮನೆಯ ಬಾಗಿಲಲ್ಲಿ ನಿಂತು ಬಂದವರ ಕಾಲಿಗೆ ನೀರು ಕೊಡುವವರ ಹೆಸರು, ಕೊಟ್ಟ ಮನೆಯಿಂದ ಬಂದ ಅಕ್ಕನದು ಇಲ್ಲವೇ ಕಿರಿಯ ತಮ್ಮನದು. ಕೊನೆಯ ಸಾಲು ಹೋಯಿತೆಂದರೆ ಯಾರೋ ಒಬ್ಬರು ಹೋದಂತಲ್ಲ, ಎಲ್ಲರಿಗಿಂತ ಹತ್ತಿರದವರು ಹೋದಂತೆ. ಲಗ್ನಕ್ಕೆ ಎಂಟು ದಿನ ಇತ್ತು. ಕರೆಮ್ಮ ಮದುಮಗನ ಸೋದರತ್ತೆ, ಲಗ್ನಕ್ಕೆ ಮೊದಲು ಅವನನ್ನು ಮೀಯಿಸುವಾಗ ಸುರಗಿ ನೀರು ಹಾಕಬೇಕಾದವಳು. "ಕಾರ್ಡಿನ್ಯಾಗ ಇಲ್ಲದಾಕಿ ಸುರಗಿಗೆ ಯಾವ ಮಾರಿ ಇಟ್ಕೊಂಡು ನಿಂದರ್ಲಿ?" ಎಂದು ಆಕೆ ಎದ್ದು ನಿಂತಾಗ ಮುದುಕಪ್ಪನ ಕಣ್ಣಲ್ಲಿ ನೀರು.

ನಾನು ಮುದುಕಪ್ಪನನ್ನು ಕೇಳಿದೆ, "ಅಲ್ಲಪಾ, ಛಾಪ್ಸಿದ್ದು ಲಿಂಗಸುಗೂರಾಗ. ನನ್ನ ಹತ್ರ ಯಾಕ ಬಂದಿ?"

"ವೆಂಕೋಬನವರೇ ಕಳ್ಸ್ಯಾರ್ರೀ. 'ತಪ್ಪು ನಂದಲ್ಲ, ಪ್ರೋಗ್ರಾಮ್ ಆದಪ್ಪಂದು, ಅವನ ಅಂಗಡಿ ಮುಂದ ಕುಂದ್ರು ಹೋಗು' ಅಂದ್ರು."

ಈ ಮಾತನ್ನು ಹತ್ತು ಸಲ ಬರೆದರೂ ನನ್ನ ಸಿಟ್ಟು ಇಳಿಯುವುದಿಲ್ಲ. ಒಂದೇ ಸಲ ಬರೆದಿದ್ದೇನೆ.

ಆ ದಿನ ಬೇರೆ ಎಲ್ಲ ಕೆಲಸ ಬದಿಗಿಟ್ಟು ಅವನ ಕಾರ್ಡು ಮೊದಲಿನಿಂದ ಮಾಡಿದೆ. ನನ್ನ ನಾಲ್ಕರಲ್ಲಿ ಹದಿನಾಲ್ಕೂ ಹೆಸರು ಬಂದವು. ಮೊದಲ ಕಾರ್ಡನ್ನು ಕರೆಮ್ಮನ ಕೈಗೆ ಕೊಟ್ಟೆ. "ನನ್ನ ಹೆಸರು ಯಾವುದು, ಬೆರಳು ಇಡು," ಎಂದಳು. ಇಟ್ಟೆ. ನನ್ನ ಬೆರಳು ಸರಿಸಿ ಅಲ್ಲಿ ತನ್ನ ಬೆರಳು ಇಟ್ಟುಕೊಂಡಳು. ಆಮೇಲೆ, "ಸಣ್ಣದೈತಿ," ಎಂದಳು. ಅಷ್ಟಂದು ಟ್ರೇಲರ್ ಹತ್ತಿದಳು. ಈ ಸಲ ತಮ್ಮ ಕೈ ಕೊಟ್ಟರೆ ಹಿಡಿದಳು.

ಮಾರನೆಯ ದಿನ ಮೊದಲ ಬಸ್ಸಿಗೆ ನಿನ್ನ ಊರಿಗೆ ಬಂದೆ. ಅಲ್ಲಿ ನಡೆದದ್ದನ್ನು ನೀನು ಹೇಗೆ ಹೇಳುತ್ತೀಯೋ ಗೊತ್ತಿಲ್ಲ, ಆದದ್ದು ಇದು. ನೀನು ಫ್ಯಾನಿನ ಕೆಳಗೆ ಕಾಲ ಮೇಲೆ ಕಾಲು ಹಾಕಿ ಕೂತಿದ್ದೆ. ಗಿರಾಕಿಗಳು ತುಂಬಿದ್ದರು. ನಾನು ಕಾಲಿಟ್ಟ ಕೂಡಲೇ ನೀನು, "ಬರ್ರಿ ಬರ್ರಿ, ಹೆಸರು ತಿನ್ನೋ ಸಾಹುಕಾರ್ರು ಬಂದ್ರು!" ಎಂದೆ. ಜನ ನಕ್ಕರು. ನಾನು ಮಾತಾಡದೆ ನಿನ್ನ ಮಿಷಿನ್ನಿನ ಮುಂದೆ ಕೂತು ಆ್ಯಡ್-ಇನ್ ತೆರೆದೆ. ನಿಲ್ಲಬೇಕಾದ ಜಾಗದಲ್ಲಿ ಅದು ನಿಲ್ಲಲಿಲ್ಲ. ನೇರ ಒಳಗೆ ಹೋಯಿತು.

"ವೆಂಕೋಬ, ಇದರ ಬಾಗಿಲು ಯಾರು ಒಡದ್ರು?"

"ಒಡಿಯೋದೇನೈತಿ ಅದರಾಗ. ಹೈದರಾಬಾದಿನ ಹುಡುಗರು ಬಂದಿದ್ರು, ಫೈಲ್ ತಗದು ನಾಕು ಇದ್ದಲ್ಲಿ ಐದು ಅಂತ ತಿದ್ದಿ ಹೋದ್ರು. ಐದು ನಿಮಿಷದ ಕೆಲಸಕ್ಕ ನೀ ಆರು ತಿಂಗಳು ಕಾಡಿಸಿದಿ."

ಐದು ನಿಮಿಷದ ಕೆಲಸ! ಐದನೆಯ ಆವೃತ್ತಿ ಚೌಕಟ್ಟಿನ ತಲೆಯ ಹತ್ತಿರ ಒಂದು ಎಳೆಯಷ್ಟು ಜಾಗ ಬಿಟ್ಟು ಮೊದಲ ಸಾಲು ಶುರು ಮಾಡುತ್ತದೆ. ನಾಲ್ಕರಲ್ಲಿ ಆ ಜಾಗ ಇಲ್ಲ. ನನ್ನ ಆ್ಯಡ್-ಇನ್ ನಾಲ್ಕರ ಲೆಕ್ಕದಲ್ಲೇ ಹದಿನಾಲ್ಕು ಸಾಲು ಹಿಡಿಯುತ್ತವೆ ಎಂದು ಕೂಡಿಸಿತು. ಹದಿಮೂರು ಹಿಡಿದವು, ಹದಿನಾಲ್ಕನೆಯದು ಚೌಕಟ್ಟಿನ ಕೆಳಗೆ ಜಾರಿ ಮರೆಯಾಯಿತು. ನಿನ್ನ ಐದು ಅದನ್ನು ಮುಚ್ಚಿಡಲೂ ಇಲ್ಲ. ಚೌಕಟ್ಟಿನ ಬುಡದಲ್ಲಿ ಒಂದು ಕೆಂಪು ಗುರುತು ಹಚ್ಚಿ, ಒಳಗೆ ಇನ್ನೂ ಇದೆ ನೋಡು ಎನ್ನುತ್ತಿತ್ತು. ಆ ಗುರುತಿಗೆ ಬೆರಳು ಮಾಡಿ ತೋರಿಸಿದೆ. "ಅದಾ? ಅದು ಚಂದಕ್ಕ ಇರ್ತದ ಅನ್ಕೊಂಡಿದ್ದೆ," ಎಂದೆ ನೀನು. ಯಪ್ಪಾ, ಚಂದಕ್ಕೆ! ಬಾಗಿಲಲ್ಲಿ ನಾನು ನಿಲ್ಲಿಸಿದ ಕಾವಲುಗಾರನನ್ನು ಕೊಂದೆ, ಒಳಗೆ ಕೂಗುತ್ತಿದ್ದವನನ್ನು ಚಂದ ಎಂದು ನೋಡುತ್ತ ಕೂತೆ, ಕೊನೆಗೆ ಕರೆಮ್ಮನನ್ನು ನನ್ನ ಮೆಟ್ಟಿಲಿಗೆ ಕಳಿಸಿದೆ.

ಪರೀಕ್ಷೆ ಮಾಡದೆ ಇನ್ನೊಬ್ಬರ ಮನೆಯ ಹೆಸರುಗಳ ಮೇಲೆ ಕೈ ಇಡುವವನು ಛಾಪಖಾನೆ ಮುಚ್ಚಿ ದನ ಕಾಯಬೇಕು ಎಂದು ನಾನು ಅಂದೆ. ಜೋರಾಗಿಯೇ ಅಂದೆ. ಆಗ ನೀನು ಎದ್ದು ನಿಂತು, ಎಲ್ಲರಿಗೂ ಕೇಳುವ ಹಾಗೆ ಆ ಮಾತು ಆಡಿದೆ.

"ಲೇ ಆದಪ್ಪ, ನಿನ್ನ ಫ್ಲಾಪಿ ಅಷ್ಟು ಸಾಚಾ ಇದ್ರ, ನಿಮ್ಮಣ್ಣನ ಮಗಳ ಲಗ್ನದ ಕಾರ್ಡಿನ್ಯಾಗ ನಿನ್ನ ಹೆಸರು ಯಾಕ ಇರಲಿಲ್ಲೋ? ಅದನ್ನೂ ನಾನೇ ತಿಂದ್ನೇನು?"

ಅಂಗಡಿಯಲ್ಲಿ ಒಬ್ಬರೂ ನಗಲಿಲ್ಲ. ನಮ್ಮಣ್ಣ ದುರುಗಪ್ಪ ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲವೆಂಬುದು ನಿನಗೆ ಗೊತ್ತು. ಅವನನ್ನು ಹೊತ್ತವರಲ್ಲಿ ನೀನೂ ಒಬ್ಬ. ಆ ಕಾರ್ಡಿನಿಂದಾಗಿ ಮೂರು ವರ್ಷ ನಾವು ಅಣ್ಣತಮ್ಮಂದಿರು ಮಾತು ಬಿಟ್ಟದ್ದೂ ನಿನಗೆ ಗೊತ್ತು. ಗೊತ್ತಿದ್ದೇ ಆಡಿದೆ.

"ಅದು ಪ್ರೋಗ್ರಾಮ್ ಬಿಟ್ಟದ್ದಲ್ಲ, ನಮ್ಮಣ್ಣ ಬಿಟ್ಟದ್ದು," ಎಂದೆ ನಾನು. "ಹಂಗಂತ ಅವನ ಬಾಯಿಲೇ ಒಪ್ಪಿಕೊಂಡಾನ. ಕಾರ್ಡು ಛಾಪ್ಸಿದ್ದು ಮಸ್ಕ್ಯಾಗ, ಅವನು ಬರಕೊಟ್ಟ ಚೀಟಿ ಅಲ್ಲಿ ಇನ್ನೂ ಐತಿ. ತಂದು ನಿನ್ನ ಮಾರಿ ಮುಂದ ಹಿಡೀತೀನಿ."

"ಹಿಡಿ ಹೋಗು," ಎಂದೆ ನೀನು. ಅಲ್ಲಿಗೆ ನಮ್ಮ ಮಾತು ಮುಗಿಯಿತು.

ಈ ಪತ್ರದ ಜೊತೆಗೆ ಒಂದು ಫ್ಲಾಪಿ ಇದೆ. ನಿನ್ನ ಮೇಲಿನ ಪ್ರೀತಿಗಲ್ಲ, ನಿನ್ನ ಅಂಗಡಿಗೆ ಬರುವ ಜನರಿಗಾಗಿ ಕಳಿಸುತ್ತಿದ್ದೇನೆ. ರಾಯಚೂರಿನಲ್ಲಿ ಐದನೆಯ ಆವೃತ್ತಿ ಇರುವ ಒಬ್ಬರ ಕೈಕಾಲು ಹಿಡಿದು ನಾಲ್ಕು ದಿನ ಕೂತು ಮಾಡಿದ್ದು. ಮೂರು, ನಾಲ್ಕು, ಐದು, ಈ ಎಲ್ಲ ಆವೃತ್ತಿಗಳ ಮೇಲೂ ನಾನೇ ಕೂತು ಛಾಪಿಸಿ ನೋಡಿದ್ದೇನೆ. ಈಗ ಇದು ದೊಡ್ಡ ಪ್ರೋಗ್ರಾಮಿನ ಬಾಯಿಮಾತನ್ನು ನಂಬುವುದಿಲ್ಲ. ಹೆಸರುಗಳನ್ನು ಕೂಡಿಸಿದ ಮೇಲೆ ಕೊನೆಯ ಸಾಲು ಚೌಕಟ್ಟಿನ ಒಳಗೇ ಇದೆಯೇ ಎಂದು ತಿರುಗಿ ಅಳೆದು ನೋಡುತ್ತದೆ. ಇಲ್ಲದಿದ್ದರೆ ಅಕ್ಷರ ಸಣ್ಣ ಮಾಡುತ್ತದೆ. ಆಗಲೂ ಹಿಡಿಯದಿದ್ದರೆ ಛಾಪಿಸಲು ಬಿಡುವುದಿಲ್ಲ. ಹಳೆಯ ಫ್ಲಾಪಿಯನ್ನು ಒಡೆದು ಹಾಕು. ಹೈದರಾಬಾದಿನ ಹುಡುಗರು ಇದಕ್ಕೂ ಕೈ ಹಾಕಿದರೆ ನಿನ್ನ ಬೋರ್ಡಿನ ಮೇಲಿಂದ ನನ್ನ ಹೆಸರು ಅಳಿಸಿಬಿಡು. ಕಳೆದ ದೀಪಾವಳಿಯಿಂದ ನೀನು ಛಾಪಿಸಿದ ಕಾರ್ಡುಗಳಲ್ಲಿ ಹದಿನಾಲ್ಕು ಹೆಸರಿದ್ದವು ಎಷ್ಟು ಎಂದು ನೋಡಿ, ಒಂದೊಂದು ಮನೆಗೂ ನೀನೇ ಹೋಗಿ ಹೇಳಬೇಕು. ಬರೆದು ಕಳಿಸಿದರೆ ಸಾಲದು. ಬಾಗಿಲಿಗೆ ಹೋಗಿ ನಿಂತು, ತಪ್ಪು ನಿಮ್ಮ ಮನೆಯವರದ್ದಲ್ಲ, ನಂದು ಎಂದು ಬಾಯಿಬಿಟ್ಟು ಹೇಳಬೇಕು.

ಕರೆಮ್ಮ ಸುರಗಿಗೆ ಬಂದಳಂತೆ. ಮುದುಕಪ್ಪ ಹೇಳಿ ಕಳಿಸಿದ್ದಾನೆ.

ನಿನ್ನ ಮಕ್ಕಳಿಗೆ ನನ್ನ ಆಶೀರ್ವಾದ. ತಂಗಿಯಂಥ ನಿನ್ನ ಹೆಂಡತಿಗೆ ಕ್ಷೇಮಸಮಾಚಾರ ತಿಳಿಸು. ನಿನಗೆ ಮಾತ್ರ ಏನೂ ಇಲ್ಲ. ದೇವರು ನಿನಗೆ ಬುದ್ಧಿ ಕೊಡಲಿ ಎಂದು ಹಾರೈಸುವಷ್ಟು ದೊಡ್ಡ ಮನಸ್ಸು ನನಗಿಲ್ಲ, ಅವನಿಗೆ ಬಿಡುವಾದಾಗ ಕೊಟ್ಟುಕೊಳ್ಳಲಿ.

ಇಂತಿ,
ಆದಪ್ಪ

ಮತ್ತೆ: ಇಲ್ಲಿಗೆ ಸಹಿ ಹಾಕಿ ಲಕೋಟೆ ಅಂಟಿಸಿದ್ದೆ. ಮತ್ತೆ ಬಿಚ್ಚಿದ್ದೇನೆ. ನಾಲ್ಕನೆಯ ಪತ್ರ ಪೂರ್ತಿಯಾಗದೆ ಉಳಿದದ್ದು ಇಲ್ಲಿಯೇ.

ನಿನ್ನ ಅಂಗಡಿಯಿಂದ ಹೊರಟವನು ನೇರ ಊರಿಗೆ ಬರಲಿಲ್ಲ, ಮಸ್ಕಿಯಲ್ಲಿ ಇಳಿದೆ. ಆ ಚೀಟಿ ತೆಗೆದುಕೊಂಡು ಅದೇ ದಿನ ತಿರುಗಿ ಬಂದು ನಿನ್ನ ಬಾಯಿ ಮುಚ್ಚಿಸಬೇಕೆಂಬ ಹಟ. ಹಸನ್‌ಸಾಬ್ ಚಾಚಾ ಯಾವ ಗಿರಾಕಿಯ ಚೀಟಿಯನ್ನೂ ಎಸೆಯುವುದಿಲ್ಲವೆಂಬುದು ನಿನಗೆ ಗೊತ್ತು. ನಾಳೆ ಯಾರಾದರೂ ಜಗಳಕ್ಕೆ ಬಂದರೆ ಇರಲಿ ಎಂದು, ಅವರೇ ಬರೆದ ಕಾಗದಕ್ಕೆ ಒಂದು ಕಾರ್ಡು ಚುಚ್ಚಿ, ವರ್ಷವಾರು ದಾರ ಕಟ್ಟಿ ಟ್ರಂಕಿನಲ್ಲಿ ಇಡುತ್ತಾನೆ. ತೊಂಬತ್ಮೂರರ ಕಟ್ಟು ಬೇಕೆಂದೆ.

"ಅಷ್ಟು ಹಳೇದು ಯಾಕೋ?" ಎಂದ ಚಾಚಾ. "ಮೊದಲು ಕುಂದ್ರು, ಚಾ ಕುಡಿ. ಮಾರಿ ನೋಡಿದ್ರ ಯಾರನ್ನೋ ಹೊಡದು ಬಂದಂಗ ಐತಿ."

ಹೊಡೆದು ಬಂದಿಲ್ಲ, ಹೊಡೆಯಲು ಹೋಗಬೇಕು ಎಂದೆ. ಕಟ್ಟು ಬಿಚ್ಚಿದ. ಚೀಟಿ ಸಿಕ್ಕಿತು. ನೋಟ್‌ಬುಕ್ಕಿನ ಹಾಳೆ. ನಮ್ಮಣ್ಣನ ಅಕ್ಷರ ನಿನಗೆ ಗೊತ್ತಲ್ಲ, ಒಂದಕ್ಕೊಂದು ತಾಗದಂತೆ ದೂರ ದೂರ ನಾಟಿ ಹಚ್ಚಿದ ಹಾಗೆ. ಮೇಲೆ 'ಚಿ. ಸೌ. ಸೂಗಮ್ಮ' ಎಂದು ಮಗಳ ಹೆಸರು. ಕೆಳಗೆ ಬಯಸುವವರ ಪಟ್ಟಿ, ಅಂಕಿ ಹಾಕಿ ಬರೆದಿದ್ದ. ಹದಿಮೂರರವರೆಗೆ ಬೆರಳು ಇಟ್ಟುಕೊಂಡು ಬಂದೆ. ಹದಿನಾಲ್ಕರ ಮುಂದೆ 'ಆದಪ್ಪ, ಕಂಪ್ಯೂಟರ್, ಸಿಂಧನೂರು' ಎಂದಿತ್ತು. ಅದಕ್ಕೊಂದು ಗೆರೆ ಸುತ್ತಿ, ಪಕ್ಕದಲ್ಲಿ ಸಣ್ಣದಾಗಿ ಬರೆದಿದ್ದ: 'ಇದು ನನ್ನ ತಮ್ಮನದು. ದೊಡ್ಡ ಅಕ್ಷರ ಹಾಕಿರಿ.'

ಚಾಚಾನ ಕೈಯಲ್ಲಿ ಅದೇ ಪಟ್ಟಿಯನ್ನು ಅದೇ ಮಿಷಿನ್ನಿಗೆ, ನನ್ನ ಅದೇ ಫ್ಲಾಪಿಯಿಂದ, ಮತ್ತೆ ಹಾಕಿಸಿದೆ. ಕೊನೆಯದನ್ನು ದೊಡ್ಡ ಅಕ್ಷರದಲ್ಲೇ ಹಾಕಿಸಿದೆ. ತೆರೆಯ ಮೇಲೆ ಹದಿನಾಲ್ಕೂ ಇದ್ದವು. ಛಾಪಿಸಿದೆವು. ಕಾಗದದ ಮೇಲೆ ಹದಿಮೂರು ಬಂದವು. ಮೂರನೆಯ ಆವೃತ್ತಿಗೆ ಕೆಂಪು ಗುರುತು ಹಚ್ಚುವುದೂ ಬರುವುದಿಲ್ಲ, ವೆಂಕೋಬ. ಸುಮ್ಮನೆ ಬಿಟ್ಟುಬಿಡುತ್ತದೆ. ಚಾಚಾ ಕಾಗದ ನೋಡಿದ, ತೆರೆ ನೋಡಿದ, ಮತ್ತೆ ಕಾಗದ ನೋಡಿದ. "ಇಲ್ಲೈತಲ್ಲೋ, ಇಲ್ಲೈತಲ್ಲೋ ಹೆಸರು," ಎಂದು ತೆರೆಯನ್ನು ಮುಟ್ಟಿ ಮುಟ್ಟಿ ತೋರಿಸಿದ.

ಏನಾಯಿತೆಂದು ನನಗೆ ಕೂತಲ್ಲೇ ತಿಳಿಯಿತು. ನಾನು ನಾಲ್ಕು ಕೊಂಡ ವರ್ಷ ಆ್ಯಡ್-ಇನ್ನಿನ ಅಳತೆಯನ್ನೆಲ್ಲ ನಾಲ್ಕಕ್ಕೆ ಹೊಂದಿಸಿ ತಿದ್ದಿದೆ. ಒಂದು ಪ್ರತಿಯನ್ನು ಬಸ್ಸಿನ ಕಂಡಕ್ಟರನ ಕೈಯಲ್ಲಿ ಮಸ್ಕಿಗೆ ಕೊಟ್ಟು ಕಳಿಸಿದೆ. ಮೇಲೆ ಚೀಟಿ ಅಂಟಿಸಿದ್ದೆ: 'ಹಳೆಯದಕ್ಕೂ ನಡೆಯುತ್ತದೆ.' ನಡೆಯುತ್ತದೆಯೋ ಇಲ್ಲವೋ ಎಂದು ಒಂದು ಸಲವೂ ಹೋಗಿ ನೋಡಲಿಲ್ಲ. ಒಂದು ತಾಸಿನ ದಾರಿ. ಮೂರರ ಸಾಲುಗಳು ಛಾಪಿಸುವಾಗ ತೆರೆಗಿಂತ ಸ್ವಲ್ಪ ಹೆಚ್ಚು ಜಾಗ ತಿನ್ನುತ್ತವೆ. ಹದಿಮೂರು ಹೆಸರಿನವರೆಗೆ ಏನೂ ಆಗುವುದಿಲ್ಲ. ಮಸ್ಕಿಯಲ್ಲಿ ಅಷ್ಟು ಹೆಸರು ಹಾಕಿಸುವವರೇ ಕಡಿಮೆ, ಆದ್ದರಿಂದ ಯಾರೂ ಬಂದು ಕೇಳಲಿಲ್ಲ. ನಮ್ಮಣ್ಣನ ಬಳಗ ದೊಡ್ಡದು. ಅದರ ಮೇಲೆ ನನ್ನ ಹೆಸರು ದೊಡ್ಡ ಅಕ್ಷರದಲ್ಲಿ ಇರಬೇಕೆಂಬ ಆಸೆ ಬೇರೆ ಅವನಿಗೆ.

ನಿನ್ನನ್ನು ದನ ಕಾಯಲು ಕಳಿಸಿದವನು ನಾನು. ನೀನು ಒಂದು ಅಂಕಿ ತಿದ್ದಿದೆ, ನಾನು ಒಂದು ಚೀಟಿ ಅಂಟಿಸಿದೆ. ಇದನ್ನು ಬರೆದೆನೆಂದು ನಿನ್ನನ್ನು ಬಿಟ್ಟುಕೊಟ್ಟೆ ಎಂದುಕೊಳ್ಳಬೇಡ. ನಿನ್ನ ಮೇಲಿನ ಸಿಟ್ಟು ಹಾಗೇ ಇದೆ. ಅಣ್ಣನ ಕಾರ್ಡಿನ ಆ ಮಾತನ್ನು ನೀನು ನಾಲ್ಕು ವರ್ಷ ಮೊದಲೇ ಯಾಕೆ ಆಡಲಿಲ್ಲ ಎಂಬ ಸಿಟ್ಟೂ ಈಗ ಅದಕ್ಕೆ ಸೇರಿದೆ. ಅಣ್ಣ ಇದ್ದಾಗ ಒಂದು ಸಲ ಹಂಗಿಸಿದ್ದರೆ ನಾನು ಆಗಲೇ ಮಸ್ಕಿಯಲ್ಲಿ ಇಳಿಯುತ್ತಿದ್ದೆನಲ್ಲೋ.

ಜವಳಗೇರಾದಲ್ಲಿ ಹೊನ್ನೂರಮ್ಮ ಅತ್ತಿಗೆಗೆ ಇನ್ನೂ ಹೇಳಿಲ್ಲ. ಬರುವ ಸೋಮವಾರ ಹೋಗುತ್ತೇನೆ. ಬಾಗಿಲಿಗೆ ಹೋಗಿ ನಿಂತು ಹೇಳು ಎಂದು ನಿನಗೆ ಬರೆದೆನಲ್ಲ, ಬರೆಯುವುದು ಸುಲಭ. ಎರಡು ಸಲ ಜವಳಗೇರಾದ ಬಸ್ ಹತ್ತಿ ಇಳಿದು ಬಂದಿದ್ದೇನೆ. ನೀನು ಹತ್ತು ಗಂಟೆಗೆ ಸಿಂಧನೂರಿನ ಬಸ್‌ಸ್ಟ್ಯಾಂಡಿಗೆ ಬಾ. ನನ್ನ ಜೊತೆ ಮಾತಾಡಬೇಕಿಲ್ಲ, ನಾನೂ ಮಾತಾಡುವುದಿಲ್ಲ. ಬಸ್ ಹತ್ತಿದ ಮೇಲೆ ನಾನು ಇಳಿಯದಂತೆ ಪಕ್ಕದಲ್ಲಿ ಕೂತಿರು, ಸಾಕು.

ಅಣ್ಣ ಒಪ್ಪಿಕೊಂಡಿದ್ದ ಎಂದು ನಿನ್ನ ಅಂಗಡಿಯಲ್ಲಿ ಹೇಳಿದೆನಲ್ಲ, ಈ ನಾಲ್ಕು ವರ್ಷ ಊರಿಗೆಲ್ಲ ಹೇಳಿದೆನಲ್ಲ, ಅದು ಹೇಗೆ ನಡೆಯಿತೆಂದು ಯಾರಿಗೂ ಹೇಳಿಲ್ಲ. ಲಗ್ನಕ್ಕೆ ನಾಲ್ಕು ದಿನ ಮೊದಲು ಬಂದಿದ್ದ. ಕೈಯಲ್ಲಿ ಒಂದು ಕಾರ್ಡು. ಅದರ ತಳದಲ್ಲಿ ನನ್ನ ಹೆಸರನ್ನು ತಾನೇ ಪೆನ್ನಿನಲ್ಲಿ ಬರೆದುಕೊಂಡು ಬಂದಿದ್ದ. ನಾನು ಅದನ್ನು ಕೈಗೂ ತೆಗೆದುಕೊಳ್ಳಲಿಲ್ಲ. ಆಮೇಲೆ ಸೇರಿಸಿದ ಹೆಸರು ನನಗೆ ಬೇಡ ಎಂದೆ.

"ಹಂಗಲ್ಲ ತಮ್ಮಾ, ನಾ ಬರಕೊಟ್ಟೀನೋ," ಎಂದ. "ನನ್ನ ಕೈಯಾರೆ ಬರಕೊಟ್ಟೀನಿ. ಅದು ಹೆಂಗ ಹೋತೋ ನನಗ ತಿಳೀವಲ್ದು."

"ಯಣ್ಣಾ, ಆ ಪ್ರೋಗ್ರಾಮ್ ಮಾಡಿದಾವ ನಾನು. ಕೊಟ್ಟ ಹೆಸರು ಅದು ಬಿಡಂಗಿಲ್ಲ. ಸುಳ್ಳು ಹೇಳೋದಕ್ಕ ಅದು ಮನಶಾ ಅಲ್ಲ."

ಅವನು ಆ ಕಾರ್ಡನ್ನು ಎರಡಾಗಿ ಮಡಚಿದ. ಆಮೇಲೆ ಅದನ್ನು ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡ.

"ನೀ ಮಾಡಿದ್ದು ತಪ್ಪಿರಂಗಿಲ್ಲ ಬಿಡು," ಎಂದ. "ನಾನೇ ಬರಿಯೋದು ಮರ್ತಿರಬೇಕು."